ಐರಿಶ್ ಕ್ರಾಫ್ಟ್ ಪಾನೀಯ ಹಬ್ಬಕ್ಕೆ ಹೊರಟವರಿಗೆ: ಗುಟುಕಿನ ಲೆಕ್ಕದಿಂದ ಚೀಸ್ ಕಟ್ಟಿಸುವವರೆಗೆ

ಐರ್ಲೆಂಡಿನಲ್ಲಿ ಬಿಯರ್ ಮಾಡುವ ಸಣ್ಣ ಬ್ರೂವರಿಗಳು, ಸೇಬಿನ ತೋಟದವರು, ಮನೆಯಲ್ಲೇ ಚೀಸ್ ಮಾಡುವ ಹೈನುಗಾರರು ಒಂದೆಡೆ ಸೇರುವ ಹಬ್ಬಕ್ಕೆ ಹೋಗಿ ಬಂದವರಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಮೊದಲ ಎರಡು ಗ್ಲಾಸ್ ನೆನಪಿದೆ, ಆಮೇಲಿನದೆಲ್ಲ ಒಂದೇ ಥರ ಇತ್ತು." ತಪ್ಪು ಬಿಯರಿನದಲ್ಲ. ಬಾಗಿಲ ಪಕ್ಕದ ಕೌಂಟರಿನಲ್ಲೇ ಶೇ 7ರಷ್ಟು ಆಲ್ಕೋಹಾಲಿನ ಐಪಿಎ (ಹಾಪ್ಸ್ ಹೆಚ್ಚು ಹಾಕಿದ ಬಿಯರ್) ಒಂದು ಪಿಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಹಿಡಿದರೆ ಹಾಪ್ಸ್ ಎಂಬ ಹೂವಿನ ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತದೆ. ಅದಾದ ಮೇಲೆ ಎಂಥ ಒಳ್ಳೆಯ ರೆಡ್ ಏಲ್ (ಕೆಂಪು ಬಣ್ಣದ ಮೆದು ಬಿಯರ್) ಕೊಟ್ಟರೂ ನೀರು ಕುಡಿದ ಹಾಗೆ. ಖಾಲಿ ಹೊಟ್ಟೆ ಬೇರೆ ಇದ್ದರೆ ಮೂರನೆಯ ಗಂಟೆಯ ಹೊತ್ತಿಗೆ ರುಚಿ ನೋಡುವ ಶಕ್ತಿಯೇ ಹೋಗಿರುತ್ತದೆ.

ಈ ಹಬ್ಬಗಳ ನಿಜವಾದ ಸಿರಿ ಇರುವುದು ಕೌಂಟರಿನ ಆಚೆ ಬದಿಯಲ್ಲಿ. ಬಿಯರಿನ ಡಬ್ಬಿ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಅದನ್ನು ಕುದಿಸಿದ ಕೈ ಸಿಗುವುದಿಲ್ಲ. ಇಲ್ಲಿ ಸುರಿದುಕೊಡುವವರು ಎಷ್ಟೋ ಸಲ ತಯಾರಿಸಿದವರೇ. ಆದ್ದರಿಂದ ಅಳತೆ ಚಿಕ್ಕದಿರಲಿ, ಸರದಿ ಸರಿಯಿರಲಿ, ಮಾತು ಧಾರಾಳವಾಗಿರಲಿ. ಮುಂದಿನದೆಲ್ಲ ಈ ಮೂರನ್ನು ಸಾಧಿಸುವ ಬಗೆ.

ಹಬ್ಬವನ್ನು ಆರಿಸಿಕೊಳ್ಳುವುದು

ಎರಡು ಬಗೆಯ ಹಬ್ಬಗಳಿವೆ. ಒಂದು ದೊಡ್ಡ ಸಭಾಂಗಣದೊಳಗೆ ನಡೆಯುವಂಥದ್ದು. ಡಬ್ಲಿನ್‌ನ ಬಾಲ್ಸ್‌ಬ್ರಿಜ್‌ನಲ್ಲಿರುವ ಆರ್‌ಡಿಎಸ್ ಆವರಣದಲ್ಲಿ ಇಂಥ ಬಿಯರ್ ಹಬ್ಬಗಳು ನಡೆದಿವೆ. ಇಲ್ಲಿ ಪಾನೀಯವೇ ಮುಖ್ಯ, ತಿಂಡಿ ಅದರ ಜೊತೆಗೆ. ಇನ್ನೊಂದು ಊರಿಗೆ ಊರೇ ಅಂಗಡಿಯಾಗುವಂಥದ್ದು. ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ ಕೆರ್ರಿ ಕೌಂಟಿಯ ಡಿಂಗಲ್ ಊರಿನ ಆಹಾರ ಹಬ್ಬ ಈ ಬಗೆಯದು; ಬ್ಲಾಸ್ ನ ಹೇರನ್ ಆಹಾರ ಪ್ರಶಸ್ತಿಗಳೂ ಅದೇ ಊರಿನಲ್ಲೇ ಪ್ರಕಟವಾಗುತ್ತವೆ. ಸೆಪ್ಟೆಂಬರ್‌ನಲ್ಲಿ ವೆಸ್ಟ್ ಕಾರ್ಕ್ ಮತ್ತು ವಾಟರ್‌ಫರ್ಡ್‌ನ ಸುಗ್ಗಿ ಹಬ್ಬಗಳು, ಅಕ್ಟೋಬರ್ ಕೊನೆಯ ಬ್ಯಾಂಕ್ ರಜೆಯ ವಾರಾಂತ್ಯದಲ್ಲಿ ಕಿಲ್ಕೆನಿ, ಜೂನ್ ಆರಂಭದಲ್ಲಿ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನ ಬ್ಲೂಮ್ ಇವೆ. ಬ್ಲೂಮ್ ತೋಟಗಾರಿಕೆಯ ಹಬ್ಬವಾದರೂ ಅದರ ಆಹಾರ ವಿಭಾಗ ದೊಡ್ಡದು, ಮಕ್ಕಳೊಂದಿಗೆ ಹೋಗುವವರಿಗೆ ಹೇಳಿ ಮಾಡಿಸಿದ್ದು.

ಮೊದಲ ಸಲ ಹೋಗುವವರು ಸೆಪ್ಟೆಂಬರ್, ಅಕ್ಟೋಬರ್‌ನ ಹಬ್ಬವನ್ನೇ ಹಿಡಿಯಿರಿ. ಸೇಬಿನ ಸುಗ್ಗಿ ಆಗ ನಡೆಯುತ್ತಿರುತ್ತದೆ, ಬೇಸಗೆಯ ಹುಲ್ಲು ಮೇಯ್ದ ಹಸುಗಳ ಹಾಲಿನ ಚೀಸ್ ಹದಕ್ಕೆ ಬಂದಿರುತ್ತದೆ, ಐರಿಶ್ ಚಪ್ಪಟೆ ಸಿಂಪಿಯ ಹಂಗಾಮು ಶುರುವಾಗಿರುತ್ತದೆ. ದಿನಾಂಕ ವರ್ಷ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಪ್ರಕಟಣೆ ನೋಡಿಯೇ ಟಿಕೆಟ್ ಕೊಳ್ಳಿ. ಹಲವು ಪಾಳಿಗಳಿರುವ ಹಬ್ಬವಾದರೆ ಶುಕ್ರವಾರ ಮಧ್ಯಾಹ್ನ ಅಥವಾ ಶನಿವಾರದ ಮೊದಲ ಪಾಳಿ ಒಳ್ಳೆಯದು. ಶನಿವಾರ ಸಂಜೆ ಜನ ಕಿಕ್ಕಿರಿದು, ಸುರಿಯುವವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ನಿಮ್ಮ ಪ್ರಶ್ನೆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

"ಸ್ವತಂತ್ರ" ಎಂಬ ಮಾತಿಗೆ ತೂಕವಿದೆ

ಕ್ರಾಫ್ಟ್ (ಸಣ್ಣ ಪ್ರಮಾಣದಲ್ಲಿ ಕಸುಬಿನಿಂದ ಮಾಡಿದ್ದು) ಎಂಬ ಪದವನ್ನು ಯಾರು ಬೇಕಾದರೂ ಲೇಬಲ್ಲಿಗೆ ಹಾಕಿಕೊಳ್ಳಬಹುದು. ಸ್ವತಂತ್ರ ಎಂದರೆ ಆ ಬ್ರೂವರಿಯನ್ನು ದೊಡ್ಡ ಕಂಪನಿ ಕೊಂಡಿಲ್ಲ ಎಂದರ್ಥ. ಕಾರ್ಕ್ ನಗರದಲ್ಲಿ 1998ರಲ್ಲಿ ಶುರುವಾದ ಫ್ರಾನ್ಸಿಸ್ಕನ್ ವೆಲ್ ಐರಿಶ್ ಕ್ರಾಫ್ಟ್ ಬಿಯರಿನ ಹಿರಿಯ ಹೆಸರುಗಳಲ್ಲೊಂದು. 2013ರಲ್ಲಿ ಅದನ್ನು ಮೋಲ್ಸನ್ ಕೂರ್ಸ್ ಎಂಬ ದೊಡ್ಡ ಬಿಯರ್ ಕಂಪನಿ ಕೊಂಡಿತು. ಬಿಯರ್ ಕೆಟ್ಟಿತು ಎಂದಲ್ಲ, ಆದರೆ ಅದನ್ನು ಸ್ವತಂತ್ರ ಬ್ರೂವರಿ ಎನ್ನಲಾಗದು. ಐರಿಶ್ ಸರ್ಕಾರ 2005ರಿಂದ ಸಣ್ಣ ಬ್ರೂವರಿಗಳಿಗೆ ಅಬಕಾರಿ ಸುಂಕದಲ್ಲಿ ಶೇ 50ರ ರಿಯಾಯಿತಿ ಕೊಡುತ್ತಿದೆ. ಅದಕ್ಕೂ ಇದೇ ಷರತ್ತು: ಬೇರೆ ಬ್ರೂವರಿಯಿಂದ ಕಾನೂನಿನ ದೃಷ್ಟಿಯಲ್ಲೂ ಹಣಕಾಸಿನಲ್ಲೂ ಬಿಡುಗಡೆಯಾಗಿರಬೇಕು. ಡಂಗಾರ್ವನ್, ಡೊನೆಗಾಲ್‌ನ ಕಿನೆಗರ್, ಸ್ಲೈಗೋದ ವೈಟ್ ಹ್ಯಾಗ್ ಥರದ ಬ್ರೂವರಿಗಳು ಬೆಳೆಯಲು ಈ ರಿಯಾಯಿತಿ ದೊಡ್ಡ ಆಸರೆಯಾಯಿತು.

ಕೌಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ಇದನ್ನು ಎಲ್ಲಿ ಕುದಿಸಿದ್ದು?" ಸ್ವಂತ ಹಂಡೆ ಇಲ್ಲದೆ ಬೇರೆ ಬ್ರೂವರಿಯ ಹಂಡೆಯಲ್ಲಿ ತಮ್ಮ ಪಾಕ ಮಾಡಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಒಳ್ಳೆಯ ಬ್ರೂವರಿಗಳು ಶುರುವಾದದ್ದೇ ಹಾಗೆ. ಮುಚ್ಚುಮರೆಯಿಲ್ಲದೆ ಊರಿನ ಹೆಸರು ಹೇಳಿದರೆ ಮುಂದಿನ ಮಾತಿಗೆ ದಾರಿಯಾಯಿತು. ಉತ್ತರ ಬರೀ ಬ್ರಾಂಡಿನ ಕಥೆಯಾಗಿದ್ದರೆ ಮುಂದಿನ ಕೌಂಟರಿಗೆ ನಡೆಯಿರಿ.

ಗುಟುಕಿನ ಲೆಕ್ಕ

ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು. ಅಲ್ಲಿ ನಿಂತು ಮಾಡಿದರೆ ಆಗುವುದಿಲ್ಲ.

ಐರ್ಲೆಂಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. (ಬ್ರಿಟನ್ನಿನ ಯೂನಿಟ್ 8 ಗ್ರಾಂ, ಎರಡನ್ನೂ ಬೆರೆಸಬೇಡಿ.) ಸೂತ್ರ ಸರಳ: ಮಿಲಿಲೀಟರ್ × ಲೇಬಲ್ಲಿನ ಶೇಕಡಾ × 0.79 ÷ 100. ಒಂದು ಪಿಂಟ್ ಎಂದರೆ 568 ಮಿ.ಲೀ, ಅರ್ಧ ಪಿಂಟ್ 284 ಮಿ.ಲೀ, ಹಬ್ಬದ ಚಿಕ್ಕ ಗ್ಲಾಸಾದ ಮೂರನೇ ಒಂದು ಪಿಂಟ್ ಸುಮಾರು 190 ಮಿ.ಲೀ. ಪಬ್ಬಿನ ವಿಸ್ಕಿ ಅಳತೆ 35.5 ಮಿ.ಲೀ.

ಒಬ್ಬ ಜೊತೆಗಾರರಿದ್ದು, ಜೋರಾದ ಪಾನೀಯಗಳನ್ನು ಅರ್ಧರ್ಧ ಹಂಚಿಕೊಳ್ಳುತ್ತೀರಿ ಎಂದುಕೊಂಡರೆ ಐದು ಗಂಟೆಯ ಯೋಜನೆ ಹೀಗಿರಬಹುದು:

1. ಹುಳಿ ಗೋಸೆ (ತುಸು ಉಪ್ಪಿರುವ ಹುಳಿ ಬಿಯರ್) ಅಥವಾ ಹಗುರ ಪೇಲ್ ಏಲ್ (ತಿಳಿ ಬಣ್ಣದ ಬಿಯರ್), ಶೇ 4.5, 190 ಮಿ.ಲೀ: 6.8 ಗ್ರಾಂ
2. ರೆಡ್ ಏಲ್, ಶೇ 4.3, 190 ಮಿ.ಲೀ: 6.5 ಗ್ರಾಂ
3. ಡ್ರೈ ಸೈಡರ್ (ಸೇಬಿನ ರಸ ಹುದುಗಿಸಿದ, ಸಿಹಿಯಿಲ್ಲದ ಪಾನೀಯ), ಶೇ 5.5, 190 ಮಿ.ಲೀ: 8.3 ಗ್ರಾಂ
4. ಡ್ರೈ ಸ್ಟೌಟ್ (ಸಿಹಿಯಿಲ್ಲದ ಕಪ್ಪು ಬಿಯರ್), ಶೇ 4.3, 190 ಮಿ.ಲೀ: 6.5 ಗ್ರಾಂ
5. ಐಪಿಎ, ಶೇ 7, ಹಂಚಿಕೊಂಡ 95 ಮಿ.ಲೀ: 5.3 ಗ್ರಾಂ
6. ಇಂಪೀರಿಯಲ್ ಸ್ಟೌಟ್ (ಜೋರಾದ, ಸಿಹಿ ಸ್ಟೌಟ್), ಶೇ 10, ಹಂಚಿಕೊಂಡ 95 ಮಿ.ಲೀ: 7.5 ಗ್ರಾಂ
7. ವಿಸ್ಕಿ, ಶೇ 46, 15 ಮಿ.ಲೀ: 5.5 ಗ್ರಾಂ

ಒಟ್ಟು ಸುಮಾರು 46 ಗ್ರಾಂ. ಶೇ 7ರ ಐಪಿಎ ಎರಡೇ ಎರಡು ಪಿಂಟ್ ಕುಡಿದರೆ 63 ಗ್ರಾಂ ಆಗುತ್ತದೆ. ಅಂದರೆ ಏಳು ಕೈಗಳ ಏಳು ರುಚಿ ನೋಡಿಯೂ ಎರಡು ಪಿಂಟಿಗಿಂತ ಕಡಿಮೆ. ಐರ್ಲೆಂಡಿನ ಆರೋಗ್ಯ ಇಲಾಖೆ ಒಂದೇ ಕೂರಿಕೆಯಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಸ್ಟ್ಯಾಂಡರ್ಡ್ ಡ್ರಿಂಕ್ ಕುಡಿದರೆ ಅದನ್ನು ವಿಪರೀತ ಕುಡಿತ ಎಂದೇ ಎಣಿಸುತ್ತದೆ. ವಾರಕ್ಕೆ ಗಂಡಸರಿಗೆ 17, ಹೆಂಗಸರಿಗೆ 11ರ ಒಳಗಿರಬೇಕು, ಕನಿಷ್ಠ ಎರಡು ದಿನ ಪೂರ್ತಿ ಬಿಡುವಿರಬೇಕು ಎನ್ನುತ್ತದೆ. ಮೇಲಿನ ಪಟ್ಟಿ ಗಂಡಸರ ಲೆಕ್ಕಕ್ಕೆ ಬರೆದದ್ದು. ಮೈತೂಕ ಕಡಿಮೆಯಿರುವವರು, ಹೆಂಗಸರು ಐದನೆಯದನ್ನೋ ಆರನೆಯದನ್ನೋ ಬಿಟ್ಟುಬಿಡಿ.

ಎರಡು ಗ್ಲಾಸಿನ ನಡುವೆ ಕನಿಷ್ಠ ಅಷ್ಟೇ ನೀರು ಕುಡಿಯಿರಿ. ಮೊದಲ ಗುಟುಕಿಗೆ ಮುಂಚೆ ಹೊಟ್ಟೆಗೆ ಪಿಷ್ಟ ಮತ್ತು ಜಿಡ್ಡು ಎರಡೂ ಬಿದ್ದಿರಲಿ. ಬೆಣ್ಣೆ ಸವರಿದ ಕಂದು ಬ್ರೆಡ್ ಸಾಕು.

ಹೊರಡುವ ದಿನ

ಕಾರನ್ನು ಮನೆಯಲ್ಲೇ ಬಿಡಿ. ಐರ್ಲೆಂಡಿನಲ್ಲಿ ಚಾಲಕರ ರಕ್ತದ ಮಿತಿ 100 ಮಿ.ಲೀಗೆ 50 ಮಿ.ಗ್ರಾಂ, ಕಲಿಯುವವರಿಗೆ, ಹೊಸ ಲೈಸೆನ್ಸಿನವರಿಗೆ, ವೃತ್ತಿಪರ ಚಾಲಕರಿಗೆ ಬರೀ 20. ಉದ್ಯೋಗಕ್ಕೆಂದು ಬಂದು ಅಲ್ಲೇ ಪರೀಕ್ಷೆ ಪಾಸಾದ ನಮ್ಮವರಲ್ಲಿ ಹಲವರು ಮೊದಲೆರಡು ವರ್ಷ ಈ ಕಡಿಮೆ ಮಿತಿಗೇ ಸೇರುತ್ತಾರೆ ಎಂಬುದು ಗಮನದಲ್ಲಿರಲಿ. ದೇಹ ಗಂಟೆಗೆ ಸುಮಾರು ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಮಾತ್ರ ಕರಗಿಸುತ್ತದೆ. ಕಾಫಿ, ಸ್ನಾನ, ನಿದ್ದೆ ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಸಿಕ್ಕಿಬೀಳುವವರೂ ಇದ್ದಾರೆ.

ಆರ್‌ಡಿಎಸ್‌ಗೆ ಡಾರ್ಟ್ ರೈಲಿನ ಲ್ಯಾನ್ಸ್‌ಡೌನ್ ರೋಡ್ ಅಥವಾ ಸ್ಯಾಂಡಿಮೌಂಟ್ ನಿಲ್ದಾಣದಿಂದ ನಡೆದೇ ಹೋಗಬಹುದು. ಕೊನೆಯ ರೈಲಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ಡಿಂಗಲ್‌ಗೆ ರೈಲಿಲ್ಲ, ಟ್ರಲೀವರೆಗೆ ರೈಲು, ಅಲ್ಲಿಂದ ಬಸ್ಸು. ಹಬ್ಬದ ವಾರಾಂತ್ಯಕ್ಕೆ ಆ ಪುಟ್ಟ ಊರಿನಲ್ಲಿ ತಂಗಲು ಜಾಗ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆಯೇ ಕಾದಿರಿಸಿ.

ಚೀಲದಲ್ಲಿ ಏನಿರಬೇಕು? ವಯಸ್ಸು ತೋರಿಸಲು ಪಾಸ್‌ಪೋರ್ಟ್ ಅಥವಾ ಐರಿಶ್ ಡ್ರೈವಿಂಗ್ ಲೈಸೆನ್ಸ್ (ವಲಸಿಗರ ನೋಂದಣಿಗೆ ಕೊಡುವ ಐಆರ್‌ಪಿ ಕಾರ್ಡ್ ಗುರುತಿನ ಚೀಟಿಯಲ್ಲ, ಕುಡಿಯುವ ಕನಿಷ್ಠ ವಯಸ್ಸು 18), ನೀರಿನ ಬಾಟಲಿ, ಚೀಸಿಗೆಂದು ಐಸ್ ಪ್ಯಾಕ್ ಹಾಕಿದ ತಂಪು ಚೀಲ, ಬರೆದುಕೊಳ್ಳಲು ಪೆನ್ನು. ಬಯಲಿನ ಹಬ್ಬವಾದರೆ ಕೊಡೆಯ ಬದಲು ಮಳೆ ಜಾಕೆಟ್. ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಸೆಂಟು, ಘಮಘಮಿಸುವ ತಲೆಗೂದಲ ಎಣ್ಣೆ ಆ ದಿನ ಬೇಡ. ಮೂಗಿಗೆ ಕೆಲಸವಿದೆ.

"ಎರಡು ಕೊಂಡರೆ ಒಂದು ಉಚಿತ" ಥರದ ಕೊಡುಗೆಗಳಿಗಾಗಿ ಕಾಯಬೇಡಿ. 2021ರ ಜನವರಿಯಿಂದ ಮದ್ಯದ ಮೇಲೆ ಅಂಥ ಕೊಡುಗೆ ಕಾನೂನುಬಾಹಿರ.

ಗ್ಲಾಸ್ ಕೈಗೆ ಬಂದ ಮೇಲೆ

ಒಳಗೆ ಹೋದೊಡನೆ ಕುಡಿಯಬೇಡಿ. ಮೊದಲು ಇಪ್ಪತ್ತು ನಿಮಿಷ ಬರಿಗೈಯಲ್ಲಿ ಇಡೀ ಜಾಗ ಒಂದು ಸುತ್ತು ಹಾಕಿ, ಬೋರ್ಡುಗಳನ್ನು ಓದಿ, ನಿಮ್ಮ ಏಳನ್ನು ಗುರುತು ಹಾಕಿಕೊಳ್ಳಿ. ಸಣ್ಣ ಪೀಪಾಯಿಯಲ್ಲಿ ತಂದ ಅಪರೂಪದ ಬಿಯರ್ ಬೇಗ ಮುಗಿಯುತ್ತದೆ. ಅದು ಜೋರಾದದ್ದಾಗಿದ್ದರೂ ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂದು ಕೇಳಿಟ್ಟುಕೊಳ್ಳಿ.

ಸರದಿಯ ನಿಯಮ: ಹಗುರದಿಂದ ಜೋರಿಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ, ಸಿಹಿ ಕೊನೆಗೆ. ಹುಳಿ ಬಿಯರನ್ನು ಮೊದಲಿಗಿಟ್ಟದ್ದಕ್ಕೆ ಕಾರಣ, ಅದು ಬಾಯಿ ತೊಳೆದು ಜೊಲ್ಲೂರಿಸುತ್ತದೆ.

ಸ್ಟೌಟಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಐರ್ಲೆಂಡಿಗೆ ಹೋಗಿ ಅದನ್ನು ಅವಸರದಲ್ಲಿ ಕುಡಿಯುವುದು ಸಲ್ಲದು. ಡ್ರೈ ಸ್ಟೌಟಿನ ಕಪ್ಪು ಬಣ್ಣ, ಕಾಫಿಯಂಥ ಸುಟ್ಟ ಕಹಿ ಎರಡೂ ಬರುವುದು ಮೊಳಕೆ ಬರಿಸದೆ ಹುರಿದ ಬಾರ್ಲಿಯಿಂದ. ನೋಡಲು ಭಾರ, ಕುಡಿಯಲು ಹಗುರ. ಶೇ 4ರಿಂದ 4.5ರಷ್ಟೇ ಇರುತ್ತದೆ. ನೈಟ್ರೋ ನಲ್ಲಿಯಿಂದ ಬಂದರೆ ಅದನ್ನು ತಳ್ಳುವ ಅನಿಲದಲ್ಲಿ ಮುಕ್ಕಾಲು ಪಾಲಿನಷ್ಟು ಸಾರಜನಕ, ಉಳಿದದ್ದು ಇಂಗಾಲದ ಡೈಆಕ್ಸೈಡ್. ಸಾರಜನಕ ದ್ರವದಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಗುಳ್ಳೆ ಬಹಳ ಸಣ್ಣದು, ನೊರೆ ಆಗತಾನೇ ಕಡೆದ ಮಜ್ಜಿಗೆಯ ಮೇಲಿನ ನೊರೆಯಷ್ಟು ನಯ. ಸುರಿದ ಕೂಡಲೇ ಗ್ಲಾಸಿನೊಳಗೆ ಕಂದು ಮೋಡಗಳು ಕೆಳಗಿಳಿಯುತ್ತಿರುತ್ತವೆ. ಅದು ಪೂರ್ತಿ ಕಪ್ಪಾಗಿ, ಮೇಲೆ ಕೆನೆ ಬಣ್ಣದ ಪಟ್ಟಿ ನಿಲ್ಲುವವರೆಗೆ ಮುಟ್ಟಬೇಡಿ. ಆಮೇಲೆ ನೊರೆಯಡಿಯಿಂದ ದ್ರವ ಬರುವಂತೆ ಗ್ಲಾಸ್ ಸಾಕಷ್ಟು ವಾಲಿಸಿ ಕುಡಿಯಿರಿ. ನೊರೆಯಲ್ಲೇ ಕಹಿ ಹೆಚ್ಚು. ಅದನ್ನೇ ಹೀರಿದವರು ಸ್ಟೌಟ್ ಕಹಿ ಎಂದು ದೂರುತ್ತಾರೆ.

ಅದೇ ಬ್ರೂವರಿ ಕೈಪಂಪಿನ ಕ್ಯಾಸ್ಕ್ ಬಿಯರ್ (ಪೀಪಾಯಿಯಲ್ಲೇ ಹದಕ್ಕೆ ಬಂದದ್ದು) ಇಟ್ಟಿದ್ದರೆ ಎರಡನ್ನೂ ಹೋಲಿಸಿ ನೋಡಿ. ಕ್ಯಾಸ್ಕಿನದು 11ರಿಂದ 13 ಡಿಗ್ರಿಯಲ್ಲಿರುತ್ತದೆ, ಗ್ಯಾಸ್ ಕಡಿಮೆ. ತಣ್ಣಗಿಲ್ಲ ಎಂದು ವಾಪಸ್ ಕೊಡಬೇಡಿ, ಅದಿರಬೇಕಾದದ್ದೇ ಹಾಗೆ. ಐಸ್‌ನಂಥ ಚಳಿಯಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಕಂಪು ಮೂಗಿಗೆ ಏರುವುದಿಲ್ಲ.

ವಾಪಸ್ ಕೊಡಬೇಕಾದ ಬಿಯರೂ ಇದೆ. ಮೂಗೇ ಹೇಳಿಬಿಡುತ್ತದೆ:

ಕಾಯಿಸಿದ ಬೆಣ್ಣೆಯ ವಾಸನೆ, ಬಾಯಲ್ಲಿ ಜಾರುವ ಜಿಡ್ಡು ಇದ್ದರೆ ಅದು ಡೈಅಸಿಟೈಲ್. ಈಸ್ಟಿಗೆ ಕೆಲಸ ಮುಗಿಸಲು ಸಮಯ ಕೊಡದೆ ಬಿಯರನ್ನು ಬೇಗ ತಂಪು ಮಾಡಿದ್ದಾರೆ, ಇಲ್ಲವೇ ನಲ್ಲಿಯ ಕೊಳವೆ ತೊಳೆದಿಲ್ಲ. ಕೊಳವೆ ಕೊಳಕಾಗಿದ್ದರೆ ಜೊತೆಗೆ ವಿನೆಗರ್ ಹುಳಿಯೂ ಇರುತ್ತದೆ. ಬೆಂದ ಮುಸುಕಿನ ಜೋಳದ ವಾಸನೆ ಬಂದರೆ ಕುದಿಸುವಾಗ ಆವಿ ಸರಿಯಾಗಿ ಹೊರಹೋಗಿಲ್ಲ. ಮಳೆಯಲ್ಲಿ ನೆಂದ ರಟ್ಟಿನ ಡಬ್ಬದಂತೆ ಮುಗ್ಗಲು ಹೊಡೆದರೆ ಗಾಳಿ ಸೋಕಿ ಹಳಸಿದೆ. ಹಾಪ್ಸ್ ತುಂಬಿದ ಮಬ್ಬು ಐಪಿಎಗಳಲ್ಲಿ ಇದು ಬೇಗ ಆಗುತ್ತದೆ, ಬಣ್ಣವೂ ಕಂದಿಗೆ ತಿರುಗಿರುತ್ತದೆ. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು. ಬಿಸಿಲಿನಲ್ಲಿಟ್ಟ ಹಸಿರು ಅಥವಾ ಬಿಳಿ ಬಾಟಲಿಯ ಬಿಯರಿನಲ್ಲಿ ಘಾಟು ವಾಸನೆ ಬರುವುದು ಬೆಳಕು ಹಾಪ್ಸನ್ನು ಒಡೆದದ್ದರಿಂದ. ಕಂದು ಬಾಟಲಿ, ಡಬ್ಬಿಗಳಿಗೆ ಆ ಕಾಟ ಕಡಿಮೆ. ದನಿ ಏರಿಸದೆ "ಇದರಲ್ಲಿ ಬೆಣ್ಣೆ ವಾಸನೆ ಬರುತ್ತಿದೆ, ಒಮ್ಮೆ ನೋಡುತ್ತೀರಾ?" ಎನ್ನಿ. ತಮ್ಮ ಕೆಲಸದ ಮೇಲೆ ಪ್ರೀತಿಯಿರುವ ಬ್ರೂವರ್ ತಕ್ಷಣ ಮೂಸಿ ನೋಡುತ್ತಾರೆ, ಬದಲಿಸಿಯೂ ಕೊಡುತ್ತಾರೆ.

ಚೀಸ್ ತಿಂದ ತುಟಿಯ ಜಿಡ್ಡು ಗ್ಲಾಸಿಗೆ ತಾಗಿದರೆ ನೊರೆ ಕ್ಷಣದಲ್ಲಿ ಸತ್ತುಹೋಗುತ್ತದೆ. ಅದು ಬಿಯರಿನ ದೋಷವಲ್ಲ. ತುಟಿ ಒರೆಸಿಕೊಳ್ಳಿ, ಗ್ಲಾಸನ್ನು ಪ್ರತಿ ಸಲವೂ ನೀರಿನಲ್ಲಿ ಜಾಲಿಸಿ.

ಸೈಡರ್

ಅಂಗಡಿಯ ಸಿಹಿ ಸೈಡರ್ ಮಾತ್ರ ಗೊತ್ತಿದ್ದವರಿಗೆ ಇದು ಹಬ್ಬದ ದೊಡ್ಡ ಅಚ್ಚರಿ. ಕೇಳಬೇಕಾದ್ದು ಒಂದೇ: "ಪೂರ್ತಿ ರಸದಿಂದಲೇ ಮಾಡಿದ್ದಾ, ಸಾಂದ್ರ ರಸಕ್ಕೆ ನೀರು ಬೆರೆಸಿದ್ದಾ?" ಕಾರ್ಕ್‌ನ ಲಾಂಗ್‌ವಿಲ್ ಹೌಸ್ ತಮ್ಮದೇ ತೋಟದ ಹಣ್ಣು ಹಿಂಡಿ ಸೈಡರ್ ಮಾಡುತ್ತದೆ, ಅದನ್ನು ಬಟ್ಟಿ ಇಳಿಸಿ ಸೇಬಿನ ಬ್ರಾಂದಿಯನ್ನೂ ತೆಗೆಯುತ್ತದೆ. ಉತ್ತರದ ಆರ್ಮಾ ಕೌಂಟಿಯ ಬ್ರಾಮ್ಲಿ ಸೇಬಿಗೆ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ. ಅದು ಹುಳಿ ಕೊಡುತ್ತದೆ. ಡಾಬಿನೆಟ್ ಥರದ ಸೈಡರ್ ಸೇಬು ಒಗರು ಕೊಡುತ್ತದೆ, ಎಳೆ ಗೇರುಹಣ್ಣು ಕಚ್ಚಿದಾಗ ಬಾಯಿ ಹಿಡಿಯುತ್ತದಲ್ಲ, ಅದರ ಮೆದು ರೂಪ. ಈ ಹುಳಿ ಮತ್ತು ಒಗರಿನ ತೂಕ ಗಮನಿಸುತ್ತ ಕುಡಿದರೆ ಎರಡೇ ಸೈಡರಿನಲ್ಲಿ ವ್ಯತ್ಯಾಸ ತಿಳಿದುಬಿಡುತ್ತದೆ. ಮದ್ಯ ಬೇಡದವರು ಇದೇ ತೋಟದವರ ಒತ್ತಿದ ಸೇಬಿನ ರಸ ಕೇಳಿ. ತಳಿವಾರು ಬೇರೆ ಬೇರೆ ಬಾಟಲಿ ತಂದಿರುವವರೂ ಇರುತ್ತಾರೆ.

ಚೀಸಿನ ಮೇಜು

ಹೊತ್ತಿನ ಕಾಲು ಭಾಗವನ್ನಾದರೂ ಇಲ್ಲಿಗೆ ಮೀಸಲಿಡಿ. ಐರಿಶ್ ಫಾರ್ಮ್‌ಹೌಸ್ ಚೀಸಿನ ಈಗಿನ ಪರಂಪರೆ ಶುರುವಾದದ್ದು 1970ರ ದಶಕದಲ್ಲಿ, ಕಾರ್ಕ್‌ನ ಬೇರಾ ಪರ್ಯಾಯ ದ್ವೀಪದಲ್ಲಿ ವೆರೋನಿಕಾ ಸ್ಟೀಲ್ ತಮ್ಮ ಹಸುವಿನ ಹಾಲಿನಿಂದ ಮಿಲೀನ್ಸ್ ಮಾಡಿದಾಗ. ಅದೇ ದಾರಿಯಲ್ಲಿ ಡರಸ್, ಗಬೀನ್, ಕೂಲಿಯಾ ಬಂದವು. 1984ರಲ್ಲಿ ಟಿಪ್ಪರರಿಯಿಂದ ಕ್ಯಾಶೆಲ್ ಬ್ಲೂ ಬಂತು.

ತಿನ್ನುವ ಸರದಿ: ಮೊದಲು ಎಳೆಯ ಆಡಿನ ಹಾಲಿನ ಚೀಸ್ (ಕ್ಲೇರ್‌ನ ಸೇಂಟ್ ಟೋಲಾ), ಆಮೇಲೆ ಮಾಗಿದ ಗಟ್ಟಿ ಚೀಸ್, ನಂತರ ಮಿಲೀನ್ಸ್ ಥರದ ತೊಳೆದ ಸಿಪ್ಪೆಯವು, ಕೊನೆಗೆ ನೀಲಿ. ಹಿಂದುಮುಂದಾದರೆ ನೀಲಿಯ ಖಾರ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ.

ತೊಳೆದ ಸಿಪ್ಪೆಯ ಚೀಸ್ ಮೊದಲ ಸಲ ಮೂಸಿದವರು ಮುಖ ತಿರುಗಿಸುವುದುಂಟು. ಮಾಗುವಾಗ ಸಿಪ್ಪೆಯನ್ನು ಉಪ್ಪುನೀರಿನಿಂದ ಮತ್ತೆ ಮತ್ತೆ ಒರೆಸುತ್ತಾರೆ. ಆ ತೇವದಲ್ಲಿ ಕಿತ್ತಳೆ ಬಣ್ಣದ ಬ್ಯಾಕ್ಟೀರಿಯಾ ಬೆಳೆದು ವಾಸನೆ ಹುಟ್ಟುತ್ತದೆ. ವಾಸನೆಯೆಲ್ಲ ಸಿಪ್ಪೆಯಲ್ಲಿ, ತಿರುಳು ಬೆಣ್ಣೆಯಷ್ಟು ಮೆದು. ಮೊದಲು ನಡುವಿನ ತಿರುಳಷ್ಟೇ ತಿನ್ನಿ, ಹಿಡಿಸಿದರೆ ಸಿಪ್ಪೆಯ ಕಡೆಗೆ ಸಾಗಿ. ಅಮೋನಿಯಾದ ಘಾಟು ಕಣ್ಣಿಗೆ ಹೊಡೆದರೆ ಮಾತ್ರ ಅದು ಅತಿಯಾಗಿ ಮಾಗಿದೆ, ಬಿಡಿ.

ಜೋಡಿಗಳು: ತೊಳೆದ ಸಿಪ್ಪೆಯದಕ್ಕೆ ಡ್ರೈ ಸೈಡರ್, ಏಕೆಂದರೆ ಹುಳಿ ಮತ್ತು ಒಗರು ಸೇರಿ ಕೊಬ್ಬನ್ನು ಕತ್ತರಿಸುತ್ತವೆ. ಮಾಗಿದ ಕೂಲಿಯಾಕ್ಕೆ ರೆಡ್ ಏಲ್. ಎರಡರಲ್ಲೂ ಸುಟ್ಟ ಸಕ್ಕರೆಯ ಎಳೆಯಿದೆ. ಕ್ಯಾಶೆಲ್ ಬ್ಲೂಗೆ ಇಂಪೀರಿಯಲ್ ಸ್ಟೌಟ್, ಉಪ್ಪಿಗೆ ಸಿಹಿ ಸೇರಿದ ಹಾಗೆ. ಆಡಿನ ಚೀಸಿಗೆ ಹುಳಿ ಗೋಸೆ. ಜೋರು ಐಪಿಎಯನ್ನು ಚೀಸಿನಿಂದ ದೂರವಿಡುವುದೇ ಮೇಲು. ಖಾರದ ತಿಂಡಿಯ ಜೊತೆಗಂತೂ ಹಾಪ್ಸಿನ ಕಹಿ ಉರಿಯನ್ನು ಇಮ್ಮಡಿ ಮಾಡುತ್ತದೆ. ಖಾರ ತಿನ್ನುವುದಾದರೆ ಮಾಲ್ಟ್ ಹೆಚ್ಚಿರುವ ರೆಡ್ ಏಲ್ ಹಿಡಿಯಿರಿ.

ಸಸ್ಯಾಹಾರಿಗಳು ಕೇಳಲೇಬೇಕಾದ್ದು

ನಮ್ಮಲ್ಲಿ ಬಹಳ ಮಂದಿಗೆ ಇದು ಮುಖ್ಯ, ಬೋರ್ಡಿನ ಮೇಲೆ ಮಾತ್ರ ಇದೆಲ್ಲ ಇರುವುದಿಲ್ಲ.

ಚೀಸ್: ಹಾಲು ಒಡೆಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದೋ ಸೂಕ್ಷ್ಮಜೀವಿಯಿಂದ ಮಾಡಿದ್ದೋ ಎಂದು ಕೇಳಿ. ಒಂದೇ ಮೇಜಿನ ಮೇಲೆ ಎರಡೂ ಇರಬಹುದು, ಒಂದಕ್ಕೆ ಕೇಳಿ ಎಲ್ಲದಕ್ಕೂ ಅನ್ವಯಿಸಿಕೊಳ್ಳಬೇಡಿ.

ಬಿಯರ್: ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುವ ಪದ್ಧತಿಯಿದೆ, ಕ್ಯಾಸ್ಕ್ ಬಿಯರಿನಲ್ಲಿ ಹೆಚ್ಚು. ಮೀನು ಅಲರ್ಜಿ ಪಟ್ಟಿಯಲ್ಲಿದ್ದರೂ ಬಿಯರ್ ತಿಳಿಯಾಗಿಸಲು ಬಳಸಿದ ಐಸಿಂಗ್ಲಾಸಿಗೆ ಯುರೋಪಿನ ನಿಯಮ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಲೇಬಲ್ ನೋಡಿ ತಿಳಿಯುವುದಿಲ್ಲ, ಬಾಯಿಬಿಟ್ಟೇ ಕೇಳಬೇಕು. ಶೋಧಿಸದ ಮಬ್ಬು ಬಿಯರುಗಳಲ್ಲಿ ಇದರ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಇನ್ನು "ಆಯ್ಸ್ಟರ್ ಸ್ಟೌಟ್" ಎಂಬ ಹೆಸರು ಬರೀ ಅಲಂಕಾರ ಎಂದುಕೊಳ್ಳಬೇಡಿ. ಡಬ್ಲಿನ್‌ನ ಪೋರ್ಟರ್‌ಹೌಸ್ ಮಾಡುವ ಆ ಸ್ಟೌಟಿನಲ್ಲಿ ನಿಜವಾದ ಸಿಂಪಿ ಇರುತ್ತದೆ.

ತಿಂಡಿ: ಆಲೂಗಡ್ಡೆ ಚಿಪ್ಸನ್ನು ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ತರಕಾರಿ ಸೂಪಿಗೆ ಕೋಳಿಯ ಸಾರು ಬಿದ್ದಿರಬಹುದು. ಬ್ಲ್ಯಾಕ್ ಪುಡಿಂಗ್ ಎಂದರೆ ರಕ್ತ ಹಾಕಿದ ಸಾಸೇಜ್. ವೈಟ್ ಪುಡಿಂಗಿನಲ್ಲಿ ರಕ್ತವಿಲ್ಲ, ಹಂದಿಮಾಂಸವಿದೆ. ಹೆಸರಿನಿಂದ ಸಿಹಿತಿಂಡಿ ಎಂದು ಮೋಸಹೋಗಬೇಡಿ. ಅಲರ್ಜಿ ಉಂಟುಮಾಡುವ 14 ಪದಾರ್ಥಗಳ ವಿವರವನ್ನು ಬಿಡಿಯಾಗಿ ಮಾರುವ ತಿನಿಸಿಗೂ ಬರಹದಲ್ಲಿ ಇಡುವುದು ಐರ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಕಡ್ಡಾಯ. ಹಾಳೆ ಕೇಳಿ ಪಡೆಯಿರಿ. ಬಸುರಿಯರು ಮದ್ಯದ ಜೊತೆಗೆ ಮೆದು ಚೀಸ್, ನೀಲಿ ಚೀಸ್, ಹಸಿ ಹಾಲಿನ ಚೀಸನ್ನೂ ಬಿಡಬೇಕು.

ನೆಮ್ಮದಿಯಿಂದ ತಿನ್ನಬಹುದಾದದ್ದೂ ಬೇಕಾದಷ್ಟಿದೆ. ಹಸಿ ತುರಿದ ಆಲೂಗಡ್ಡೆ, ಬೇಯಿಸಿ ಕಿವುಚಿದ ಆಲೂಗಡ್ಡೆ, ಹಿಟ್ಟು, ಮಜ್ಜಿಗೆ ಕಲಸಿ ಕಾವಲಿಯ ಮೇಲೆ ಹುಯ್ಯುವ ಬಾಕ್ಸ್‌ಟಿ ನಮ್ಮ ಬಾಯಿಗೆ ಬೇಗ ಒಗ್ಗುತ್ತದೆ. ಒಳಗೆ ತುಂಬಿದ್ದೇನು, ಕಾವಲಿಗೆ ಸವರಿದ್ದೇನು ಎಂದಷ್ಟೇ ಕೇಳಿ. ಸೋಡಾ ಬ್ರೆಡ್ಡಿಗೆ ಈಸ್ಟ್ ಇಲ್ಲ, ಮಜ್ಜಿಗೆಯ ಹುಳಿ ಅಡುಗೆ ಸೋಡಾವನ್ನು ಉಕ್ಕಿಸುತ್ತದೆ. ಐರ್ಲೆಂಡಿನ ಗೋಧಿ ಮೆದು, ಅಂಟು ಕಡಿಮೆ. ಈಸ್ಟ್ ಬ್ರೆಡ್ಡಿಗಿಂತ ಇದಕ್ಕೇ ಅದು ಹೊಂದುತ್ತದೆ. ವಾಟರ್‌ಫರ್ಡ್‌ನ ಹಿಟ್ಟು ಉದುರಿಸಿದ ಬ್ಲಾ ಬನ್ನಿಗೆ 2013ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಬೆಣ್ಣೆ, ಚೀಸ್ ಇಟ್ಟು ತಿನ್ನಿ. ಸಿಂಪಿ ತಿನ್ನುವವರಿಗೆ ಹೇಳಬೇಕಾದ್ದಿಷ್ಟೇ: ಡ್ರೈ ಸ್ಟೌಟ್ ಜೊತೆಗೇ ತಿನ್ನಿ, ಕಡಲ ಉಪ್ಪಿಗೆ ಹುರಿದ ಕಹಿ ಸರಿಜೋಡಿ.

ವಿಸ್ಕಿ, ಪೊಚೀನ್ ಕೊನೆಗೆ

2010ರಲ್ಲಿ ಇಡೀ ಐರ್ಲೆಂಡ್ ದ್ವೀಪದಲ್ಲಿ ನಡೆಯುತ್ತಿದ್ದ ವಿಸ್ಕಿ ಬಟ್ಟಿಗಳು ಬೆರಳೆಣಿಕೆಯಷ್ಟು, ಆಮೇಲಿನ ವರ್ಷಗಳಲ್ಲಿ ಅವು 40ರ ಆಸುಪಾಸಿಗೆ ಏರಿದವು. ನಿಯಮದ ಪ್ರಕಾರ ದ್ವೀಪದಲ್ಲೇ ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿಸಬೇಕು. ಹೊಸ ಬಟ್ಟಿಯವರು ತಮ್ಮದು ಮಾಗುವವರೆಗೆ ಬೇರೆಯವರ ವಿಸ್ಕಿ ಕೊಂಡು ತಮ್ಮ ಹೆಸರಲ್ಲಿ ಮಾರುವುದು ಮಾಮೂಲು. ವಯಸ್ಸು 15 ವರ್ಷ ಎಂದಿದ್ದು ಬಟ್ಟಿಗೆ 6 ವರ್ಷವಾಗಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಬಹುದು. "ಇದು ನಿಮ್ಮದೇ ಬಟ್ಟಿಯದಾ?" ಎಂದು ಕೇಳಿ, ಅವರದೇ ಆದ ಎಳೆಯ ವಿಸ್ಕಿಯನ್ನೇ ರುಚಿ ನೋಡಿ.

ಐರಿಶರದೇ ಆದದ್ದು ಬೇಕೆಂದರೆ ಪಾಟ್ ಸ್ಟಿಲ್ ಬಗೆಯ ವಿಸ್ಕಿ ಹಿಡಿಯಿರಿ. ಕನಿಷ್ಠ ಶೇ 30 ಮೊಳಕೆ ಬಾರ್ಲಿ, ಕನಿಷ್ಠ ಶೇ 30 ಹಸಿ ಬಾರ್ಲಿ ಇರಬೇಕು. ಆ ಹಸಿ ಬಾರ್ಲಿಯಿಂದಲೇ ಮೆಣಸಿನಂಥ ಚುರುಕು, ಎಣ್ಣೆಯಂಥ ದಪ್ಪ. ಬಾಯಿ ಸ್ವಲ್ಪ ತೆರೆದು ಮೂಸಿ, ಇಲ್ಲವಾದರೆ ಮೂಗು ಉರಿಯುತ್ತದೆ. ಎರಡು ಮೂರು ಹನಿ ನೀರು ಬೆರೆಸಿ ಮತ್ತೆ ಮೂಸಿದರೆ ಕಂಪು ಬಿಚ್ಚಿಕೊಳ್ಳುತ್ತದೆ. ಅಮೃತ್ ವಿಸ್ಕಿ ಬಲ್ಲವರಿಗೆ ಒಂದು ಹೋಲಿಕೆ: ಬೆಂಗಳೂರಿನ ಕಾವಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗುತ್ತದೆ, ಐರ್ಲೆಂಡಿನ ತಂಪಿನಲ್ಲಿ ಸುಮಾರು ಶೇ 2. ಅಲ್ಲಿನ 12 ವರ್ಷ, ಇಲ್ಲಿನ 5 ವರ್ಷವನ್ನು ಅಂಕಿಯಿಂದ ತೂಗಲಾಗದು.

ಪೊಚೀನ್ ಮಾಗಿಸದ ಹಳ್ಳಿ ಸಾರಾಯಿ, 1997ರವರೆಗೆ ಐರ್ಲೆಂಡಿನೊಳಗೆ ಅದರ ಮಾರಾಟಕ್ಕೆ ಅವಕಾಶವಿರಲಿಲ್ಲ. ಶೇ 50 ದಾಟಿದವೂ ಇವೆ. ವಿಸ್ಕಿಯ ಬದಲಿಗೆ ತೆಗೆದುಕೊಳ್ಳಿ, ವಿಸ್ಕಿಯ ಜೊತೆಗಲ್ಲ.

ಕೊಂಡು ಒಯ್ಯುವುದು

ಚೀಸನ್ನು ಹೊರಡುವ ಮುನ್ನ ಕೊನೆಗೆ ಕೊಳ್ಳಿ. ಮೇಣದ ಕಾಗದದಲ್ಲಿ ಕಟ್ಟಿಸಿ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಮೆದು ಚೀಸ್ ಬೆವರಿ ಕಮಟು ಹಿಡಿಯುತ್ತದೆ. ಮನೆಯಲ್ಲಿ ತಿನ್ನುವ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ.

ಮಬ್ಬು ಐಪಿಎಯನ್ನು ತಂಪಿನಲ್ಲಿಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸಿ. ಇಂಪೀರಿಯಲ್ ಸ್ಟೌಟ್ ವರ್ಷಗಟ್ಟಲೆ ಇರುತ್ತದೆ. ತಳದಲ್ಲಿ ಈಸ್ಟ್ ಇರುವ ಬಾಟಲಿ ನೆಟ್ಟಗೆ ನಿಲ್ಲಲಿ. 2024ರ ಫೆಬ್ರವರಿಯಿಂದ ಐರ್ಲೆಂಡಿನಲ್ಲಿ ಅಲ್ಯುಮಿನಿಯಂ ಡಬ್ಬಿಗೆ ಠೇವಣಿ ಇದೆ: 500 ಮಿ.ಲೀವರೆಗೆ 15 ಸೆಂಟ್, ಅದಕ್ಕೂ ದೊಡ್ಡದಕ್ಕೆ 25. ಡಬ್ಬಿ ಜಜ್ಜಿಹೋದರೆ ಯಂತ್ರ ತೆಗೆದುಕೊಳ್ಳುವುದಿಲ್ಲ. ಗಾಜಿನ ಬಾಟಲಿಗೆ ಠೇವಣಿ ಇಲ್ಲ.

ವಿಮಾನದಲ್ಲಿ ಚೆಕ್-ಇನ್ ಪೆಟ್ಟಿಗೆಗೇ ಹಾಕಿ. ಶೇ 24ರೊಳಗಿನದಕ್ಕೆ ವಿಮಾನ ಸುರಕ್ಷತೆಯ ಮಿತಿಯಿಲ್ಲ, ಶೇ 24ರಿಂದ 70ರವರೆಗಿನದು ತಲಾ 5 ಲೀಟರ್, ಅದಕ್ಕೂ ಜೋರಾದದ್ದನ್ನು ಒಯ್ಯುವಂತಿಲ್ಲ. ಪ್ರತಿ ಡಬ್ಬಿಯನ್ನೂ ಜಿಪ್ ಚೀಲಕ್ಕೆ ಹಾಕಿ, ಬಟ್ಟೆಯ ನಡುವೆ, ಪೆಟ್ಟಿಗೆಯ ಅಂಚಿನಿಂದ ದೂರ ಇಡಿ. ಭಾರತದ ಕಸ್ಟಮ್ಸಿನಲ್ಲಿ ಸುಂಕವಿಲ್ಲದೆ ಬಿಡುವುದು ಬಿಯರ್, ವೈನ್, ವಿಸ್ಕಿ ಎಲ್ಲ ಸೇರಿ ತಲಾ 2 ಲೀಟರ್ ಮಾತ್ರ. ಐರಿಶ್ ಕ್ರಾಫ್ಟ್ ಡಬ್ಬಿ ಸಾಮಾನ್ಯವಾಗಿ 440 ಮಿ.ಲೀ, ವಿಸ್ಕಿ ಬಾಟಲಿ 700. ಒಂದು ವಿಸ್ಕಿಗೆ ಮೂರು ಡಬ್ಬಿ ಸೇರಿಸಿದರೆ 2,020 ಮಿ.ಲೀ ಆಗಿ ಮಿತಿ ದಾಟುತ್ತದೆ. ಎರಡೇ ಡಬ್ಬಿ ಇಟ್ಟುಕೊಂಡು ಮೂರನೆಯದನ್ನು ಅಲ್ಲೇ ಯಾರೊಂದಿಗಾದರೂ ಹಂಚಿಕೊಂಡು ಬನ್ನಿ.